ಚಾವಡಿಯವಳ ಹಲ್ಲುನೋವು

ಆ ಊರಿಗೆ ಹೆಸರಿಲ್ಲ. ಹೆಸರಿಡೋಣವೆಂದು ಹಿಂದೊಮ್ಮೆ ಊರವರೆಲ್ಲ ಹೊರಟರಂತೆ. ಆ ಚರ್ಚೆ ಇನ್ನೂ ಮುಗಿದಿಲ್ಲ.

ಹೆಸರಿಲ್ಲದಿದ್ದರೂ ಊರಿಗೊಂದು ಕಟ್ಟಳೆಯಿತ್ತು. ಮನೆಯೊಳಗೆ ಏನು ಬೇಕಾದರೂ ಮಾತಾಡಿ, ಬೀದಿಯಲ್ಲಿ ಎದುರಾದವರ ಯೋಗಕ್ಷೇಮ ಕೇಳಿ, ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಹತ್ತು ಜನರಿಗೆ ಸಂಬಂಧಪಟ್ಟ ಮಾತನ್ನು ಮಾತ್ರ ಬಾಯಿಂದ ಆಡುವಂತಿಲ್ಲ. ಅದನ್ನು ಕುಡಿಕೆಗೆ ಹೇಳಬೇಕು. ಅಂಗೈಯಲ್ಲಿ ಹಿಡಿಸುವ ಮಣ್ಣಿನ ಕುಡಿಕೆ. ಅದರ ಬಾಯಿಗೆ ನಿಮ್ಮ ಬಾಯಿಟ್ಟು ಹೇಳಬೇಕಾದ್ದನ್ನು ಹೇಳಬೇಕು, ಮಾತು ಆರುವ ಮೊದಲು ಬಾಳೆಲೆ ಮುಚ್ಚಬೇಕು, ನಿಮ್ಮ ಬಣ್ಣದ ದಾರದಿಂದ ಬಿಗಿಯಬೇಕು, ತಂದು ಚಾವಡಿಯ ಜಗಲಿಯ ಮೇಲಿಡಬೇಕು. ಕೇಳಬೇಕೆನಿಸಿದವರು ಬರುತ್ತಾರೆ. ಕುಡಿಕೆ ಎತ್ತುತ್ತಾರೆ, ಎಲೆ ಸರಿಸುತ್ತಾರೆ, ಕಿವಿಗಿಡುತ್ತಾರೆ. ಕೇಳಿದ ಮೇಲೆ ಮತ್ತೆ ಎಲೆ ಮುಚ್ಚಿ ಮುಂದಿನವರಿಗೆ ಬಿಡುತ್ತಾರೆ.

ಚಾವಡಿಯಲ್ಲಿ ಬಾಯಿಂದಲೇ ಮಾತಾಡುತ್ತಿದ್ದ ಕಾಲದಲ್ಲಿ ಯಾರ ಗಂಟಲು ದೊಡ್ಡದೋ ಅವರ ಮಾತೇ ನಡೆಯುತ್ತಿತ್ತಂತೆ. ಒಬ್ಬ ದೊಡ್ಡ ಮನುಷ್ಯ ಕೆಮ್ಮಿದರೆ ಸುತ್ತಲಿನವರು ತೆಪ್ಪಗಾಗುತ್ತಿದ್ದರಂತೆ. ಕೊನೆಗೆ ಮೆಲುದನಿಯವರೆಲ್ಲ ಸೇರಿ ಈ ಉಪಾಯ ಹುಡುಕಿದರು. ಕುಡಿಕೆಯೊಳಗೆ ಹೋದ ಮೇಲೆ ಎಲ್ಲರ ಮಾತೂ ಒಂದೇ ಎತ್ತರ. ಒಳ್ಳೆಯ ಉಪಾಯವೇ, ಅದರಲ್ಲಿ ತಪ್ಪು ಹುಡುಕುವಂತಿಲ್ಲ.

ಕುಡಿಕೆಯಿಂದ ಬರುವ ಸ್ವರ ಹೆಂಗಸಿನದೋ ಗಂಡಸಿನದೋ ತಿಳಿಯುತ್ತಿರಲಿಲ್ಲ. ಸಿಟ್ಟಿನದೋ ನಗುವಿನದೋ ಎಂಬುದು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಒಂದೇ ಕುಡಿಕೆ ಕೇಳಿ ಒಬ್ಬಳು ಕಿಸಕ್ಕನೆ ನಕ್ಕರೆ, ಅವಳ ಹಿಂದಿನವನು ಅದನ್ನೇ ಕೇಳಿ ಮುಖ ಗಂಟಿಕ್ಕಿಕೊಂಡು ಹೋಗುವುದು ದಿನಾ ನಡೆಯುತ್ತಿತ್ತು. ಅದರಿಂದ ಯಾರಿಗೂ ಯಾವ ಅನುಮಾನವೂ ಬಂದಿರಲಿಲ್ಲ. ಊರಿನ ಅರ್ಧ ಜನ ಇನ್ನರ್ಧ ಜನರನ್ನು ಕಿವುಡರೆಂದು ತಿಳಿದುಕೊಂಡಿದ್ದರು, ಅಷ್ಟೇ.

ಜಗಲಿಗೆ ಬಂದ ಕುಡಿಕೆಗಳನ್ನು ಎಲ್ಲರಿಗಿಂತ ಮೊದಲು ಕೇಳುವವಳು ಚಾವಡಿಯವಳು. ಅವಳ ತೊಡೆಯ ಮೇಲೆ ಸದಾ ಒಂದು ಮರದ ಕೊಡತಿ ಇರುತ್ತಿತ್ತು. ಬೈಗುಳವಿದ್ದ ಕುಡಿಕೆ, ಕುಹಕವಿದ್ದ ಕುಡಿಕೆ, ಕಾಲು ಕೆರೆದು ಜಗಳಕ್ಕೆ ಬರುವ ಕುಡಿಕೆ, ಯಾವುದಾದರೂ ಸರಿ, ಕೊಡತಿಯಿಂದ ಒಂದೇ ಏಟು. ಒಡೆದ ಕುಡಿಕೆಯ ಮಾತು ಗಾಳಿಯಲ್ಲಿ ಹೋಗುತ್ತದೆ, ಇನ್ನು ಯಾರೂ ಕೇಳಲಾರರು. ಚೂರುಗಳು ಚಾವಡಿಯ ಹಿಂದಿನ ಗುಡ್ಡೆಗೆ ಬೀಳುತ್ತವೆ. ಒಬ್ಬರದೇ ಮೂರು ಕುಡಿಕೆ ಒಡೆದರೆ ಚಾವಡಿಯ ಕಂಬಕ್ಕೆ ಕಟ್ಟಿರುವ ಅವರ ದಾರವನ್ನು ಊರೆದುರು ಕಡಿಯಬೇಕು. ಆಮೇಲೆ ಅವರ ಕುಡಿಕೆಯನ್ನು ಯಾರೂ ಮುಟ್ಟುವಂತಿಲ್ಲ. ದಾರ ಕಡಿದವರನ್ನು ಊರು ಓಡಿಸುವುದಿಲ್ಲ. ಅವರಾಗಿಯೇ ಒಂದು ದಿನ ಗಂಟುಮೂಟೆ ಕಟ್ಟುತ್ತಾರೆ. ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳದ ಊರಲ್ಲಿ ಮನುಷ್ಯ ಎಷ್ಟು ದಿನ ಇದ್ದಾನು?

ಚಾವಡಿಯವಳಿಗೂ ಒಂದು ಕಟ್ಟಳೆ ಇತ್ತು. ನಿರಪರಾಧಿಯ ಕುಡಿಕೆ ಒಡೆದರೆ ಅವಳ ದಾರವನ್ನೇ ಕಡಿಯಬೇಕು. ಆದರೆ ಒಡೆದ ಕುಡಿಕೆಗೆ ಸಾಕ್ಷಿ ಎಲ್ಲಿಂದ ಬರಬೇಕು? ಕಂಬದ ಮೇಲಿನ ಅವಳ ಬಿಳಿ ದಾರ ಧೂಳು ಹಿಡಿದುಕೊಂಡು ಹಾಯಾಗಿತ್ತು.

ಹಾಗೆಂದು ಅವಳು ಮನಸ್ಸಿಗೆ ಬಂದಂತೆ ಒಡೆಯುವವಳೆಂದು ತಿಳಿಯಬೇಡಿ. ಅವಳಷ್ಟು ನ್ಯಾಯನಿಷ್ಠುರಿ ಆ ಜಗಲಿಯಲ್ಲಿ ಹಿಂದೆ ಕೂತಿರಲಿಲ್ಲ. ಕೇಳುವ ಮೊದಲು ದಾರದ ಬಣ್ಣ ನೋಡುತ್ತಿರಲಿಲ್ಲ. ಯಾರ ಮನೆಯಲ್ಲೂ ಒಂದು ಲೋಟ ಮಜ್ಜಿಗೆ ಕುಡಿದವಳಲ್ಲ. ಮದುವೆ ಬೇಡವೆಂದಳು, ಗೆಳತಿಯರನ್ನು ದೂರವಿಟ್ಟಳು, ನಾಯಿ ಸಾಕಲಿಲ್ಲ. ನಾಯಿಗೂ ಊರಲ್ಲಿ ಆಗದವರು ಇರುತ್ತಾರಲ್ಲ! "ನನಗೆ ಬೇಕಾದವರೂ ಇಲ್ಲ, ಬೇಡದವರೂ ಇಲ್ಲ" ಎಂದು ಎದೆಯುಬ್ಬಿಸಿ ಹೇಳುತ್ತಿದ್ದಳು. ಊರು ಹೌದೆಂದು ತಲೆಯಾಡಿಸುತ್ತಿತ್ತು.

ಇದ್ದದ್ದು ಒಂದು ಹಲ್ಲುನೋವು.

ಬಲಗಡೆಯ ದವಡೆ ಹಲ್ಲು. ಎಂದು ಶುರುವಾಯಿತೋ ಅವಳಿಗೇ ನೆನಪಿಲ್ಲ. ಲವಂಗ ಕಚ್ಚಿಕೊಂಡು ಕೂರುತ್ತಿದ್ದಳು, ಉಪ್ಪುನೀರು ಮುಕ್ಕಳಿಸುತ್ತಿದ್ದಳು, ಕೆನ್ನೆಗೆ ಅಂಗೈ ಒತ್ತಿಕೊಳ್ಳುತ್ತಿದ್ದಳು. ಕಿತ್ತಿಸಿಕೊಳ್ಳಲು ಒಂದು ದಿನ ಬಿಡುವು ಬೇಕು, ಬಿಡುವು ಮಾಡಿಕೊಂಡರೆ ಚಾವಡಿ ನೋಡುವವರು ಯಾರು? ಹೀಗೆ ಹಲ್ಲನ್ನು ಹಲ್ಲು ಕಚ್ಚಿಯೇ ಸಹಿಸುತ್ತಿದ್ದಳು. ಅದೇ ಹೊತ್ತಿಗೆ ಊರಿನ ಮಾತೂ ಕೆಡುತ್ತಾ ಬಂತು. ಕುಡಿಕೆ ಎತ್ತಿದಳು, ಎಲೆ ಸರಿಸಿದಳು, ಕಿವಿಗಿಟ್ಟಳು: ಒಳಗೆ ಯಾರೋ ಸಿಡುಕುತ್ತಿದ್ದಾರೆ. ಇನ್ನೊಂದು ಎತ್ತಿದಳು: ಯಾರೋ ಹಲ್ಲು ಕಡಿಯುತ್ತಿದ್ದಾರೆ. ಹಿಂದಿನ ಚೂರಿನ ಗುಡ್ಡೆ ಕಿಟಕಿಯ ಮಟ್ಟಕ್ಕೆ ಏರಿತು. "ಕಾಲ ಕೆಟ್ಟೋಯ್ತು" ಎಂದು ಅವಳು ನಿಟ್ಟುಸಿರಿಟ್ಟಳು. ನಿಟ್ಟುಸಿರಿಟ್ಟರೂ ಹಲ್ಲಿಗೆ ಗಾಳಿ ತಾಗಿ ಜುಂ ಎನ್ನುತ್ತಿತ್ತು.

ತುಪ್ಪದವನ ಕುಡಿಕೆ ಮಾತ್ರ ಆ ಹಲ್ಲಿಗೂ ಹಿತವಾಗಿರುತ್ತಿತ್ತು. ಊರಬಾಗಿಲ ಬಳಿ ತುಪ್ಪದ ಅಂಗಡಿಯಿಟ್ಟಿದ್ದ ಅವನ ಪ್ರತಿಯೊಂದು ಕುಡಿಕೆಯೂ "ದಯವಿಟ್ಟು ತಪ್ಪು ತಿಳಿಯಬೇಡಿ" ಎಂದೇ ಶುರುವಾಗುತ್ತಿತ್ತು. ಈಚೆಗೆ ಊರ ಬಡಗಿ ಕಾಲುವೆಗೆ ಅಡ್ಡಲಾಗಿ ಒಂದು ಮರದ ಸೇತುವೆ ಕಟ್ಟಿದ್ದ. ಮೊದಲು ಸಂತೆಗೆ ಹೋಗುವವರೆಲ್ಲ ತುಪ್ಪದ ಅಂಗಡಿಯ ಮುಂದೆ ಸುತ್ತಿಕೊಂಡು ಹೋಗಬೇಕಿತ್ತು, ಈಗ ಸೇತುವೆ ದಾಟಿ ನೇರ ಹೋಗುತ್ತಿದ್ದರು. ಸೇತುವೆಯಾದ ವಾರದಲ್ಲೇ ತುಪ್ಪದವನದೊಂದು ಕುಡಿಕೆ ಬಂತು. "ದಯವಿಟ್ಟು ತಪ್ಪು ತಿಳಿಯಬೇಡಿ. ಬಡಗಿಯ ಕೈ ಈಚೆಗೆ ನಡುಗುತ್ತದೆ ಅಂತ ಯಾರೋ ಅಂದರು. ನಾನಂತೂ ನಂಬಲಿಲ್ಲ. ಆದರೂ ಮಕ್ಕಳನ್ನು ಸೇತುವೆ ಮೇಲೆ ಕಳಿಸುವಾಗ ಒಂದಿಷ್ಟು ನೋಡಿಕೊಳ್ಳಿ." ಎಷ್ಟು ವಿನಯ! ಚಾವಡಿಯವಳು ಅದನ್ನು ಜೋಪಾನವಾಗಿ ಜಗಲಿಯ ಮುಂದಿನ ಸಾಲಿನಲ್ಲಿಟ್ಟಳು. ಊರೆಲ್ಲ ಬಂದು ಕೇಳಿತು. ಬಡಗಿಯೂ ಕೇಳಿದ. ಅಂದಿನಿಂದ ಅವನು ತನ್ನ ಎರಡೂ ಕೈಗಳನ್ನು ಪದೇಪದೇ ಮುಂದೆ ಚಾಚಿ ನೋಡಿಕೊಳ್ಳತೊಡಗಿದ.

ಇಂಥ ಹೊತ್ತಿನಲ್ಲಿ ಊರಿಗೆ ಕೊಡೆ ರಿಪೇರಿಯವನು ಬಂದ. ಗುಡ್ಡದಾಚೆಯ ಸೀಮೆಯವನು. ಹರಿದ ಕೊಡೆ, ಮುರಿದ ಕಡ್ಡಿ, ತುಕ್ಕು ಹಿಡಿದ ಗುಂಡಿ, ಎಲ್ಲದಕ್ಕೂ ಅವನಲ್ಲಿ ಮದ್ದಿತ್ತು. ಸೇತುವೆಯ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕೂತ. ಮುಖದ ತುಂಬ ನಗು, ಮಾತಿನ ತುಂಬ ಪ್ರಶ್ನೆ. ಎದುರಿಗೆ ನಿಂತು ಮಾತಾಡಿದವರಿಗೆಲ್ಲ ಅವನು ಇಷ್ಟವಾದ. ಕಂಬಕ್ಕೆ ಅವನದೊಂದು ಹಸಿರು ದಾರವನ್ನೂ ಕಟ್ಟಿದರು. ಕುಡಿಕೆಗೆ ಹೇಳಲು ಶುರುಮಾಡಿದ ಮೇಲೆಯೇ ಅವನ ಗ್ರಹಚಾರ ಕೆಟ್ಟದ್ದು.

ಮೊದಲ ಕುಡಿಕೆಯಲ್ಲಿ ಅವನು ಕೇಳಿದ: "ಈ ಸೇತುವೆ ಕಟ್ಟಿದವರು ಯಾರು?"

ಅಷ್ಟೇ. ಬಡಗಿ ಬಂದು ಎತ್ತಿದ, ಎಲೆ ಸರಿಸಿದ, ಕಿವಿಗಿಟ್ಟ. ಅವನ ಮುಖ ಕಿವಿಯವರೆಗೂ ಕೆಂಪೇರಿತು. "ಕೇಳಿದ್ರಾ? ಯಾವನು ಕಟ್ಟಿದ್ದು ಇದನ್ನ ಅಂತ ಗದರ್ತಾ ಇದಾನೆ! ನಿನ್ನೆ ಬಂದವನು!" ಎಂದು ಸನ್ನೆಯಲ್ಲೂ ಪಿಸುಮಾತಲ್ಲೂ ಚಾವಡಿಯವಳಿಗೆ ದೂರಿದ. ಬೆಳಗ್ಗೆ ಒಮ್ಮೆ ಕೇಳಿ ಬಿಟ್ಟಿದ್ದನ್ನು ಅವಳು ಮತ್ತೆ ಕೇಳಿದಳು. ಹಲ್ಲು ಜುಂ ಎಂದಿತು. ಗದರಿದಂತೆಯೇ ಇತ್ತು. ಕೊಡತಿ ಎತ್ತಿದಳು.

ಎರಡನೆಯದು ಊರೂಟದ ಮರುದಿನ ಬಂತು. "ಸಾರಿಗೆ ಇಷ್ಟು ಮೆಣಸು ಹಾಕುವ ಧೈರ್ಯ ಅಡುಗೆಯವಳಿಗೆ ಎಲ್ಲಿಂದ ಬಂತು?" ಅಡುಗೆಯವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಜಗಲಿಯ ಮುಂದೆ ನಿಂತಳು. ಕೊಡತಿ ಮತ್ತೆ ಎದ್ದಿತು.

ಮೂರನೆಯದು ಚಾವಡಿಯವಳಿಗೇ ಹೇಳಿದ್ದು. ಅಂದು ಹಲ್ಲುನೋವು ಕಿವಿಯ ತನಕ ಹಬ್ಬಿತ್ತು. ಕುಡಿಕೆ ಎತ್ತಿದಳು, ಎಲೆ ಸರಿಸಿದಳು, ನೋವಿಲ್ಲದ ಕಿವಿಗಿಟ್ಟಳು. "ದಿನಾ ಇಷ್ಟೆಲ್ಲ ಕೇಳಿ ಕೇಳಿ ನಿಮಗೆ ಬೇಜಾರಾಗುವುದಿಲ್ಲವೇ? ಒಂದು ದಿನ ಬಿಟ್ಟು ಹೋಗಬಾರದೇ?" ಸ್ವರ ಸುಣ್ಣದ ಕಲ್ಲಿನಷ್ಟು ಒರಟಾಗಿತ್ತು. ಬಿಟ್ಟು ಹೋಗಬೇಕಂತೆ! ಅವಳು ನ್ಯಾಯದ ಪ್ರಕಾರ ಮೂರು ಸಲ ಉಸಿರೆಳೆದುಕೊಂಡಳು, ಸ್ವಂತ ಸಿಟ್ಟಿನಿಂದ ಒಡೆಯುತ್ತಿಲ್ಲವೆಂದು ಮನಸ್ಸಿಗೆ ಹೇಳಿಕೊಂಡಳು, ಆಮೇಲೆ ಒಡೆದಳು. ಚೂರುಗಳ ನಡುವೆ ಹಸಿರು ದಾರ ಕಂಡಾಗ ಅವಳಿಗೇನೂ ಆಶ್ಚರ್ಯವಾಗಲಿಲ್ಲ.

ಮರುದಿನ ನಡುಹಗಲಿಗೆ ದಾರ ಕಡಿಯುವುದೆಂದು ಡಂಗುರವಾಯಿತು.

ಆ ಸಂಜೆ ನೋವು ತಡೆಯಲಾಗಲಿಲ್ಲ. ನಾಳೆ ಊರೆದುರು ಅಪರಾಧಗಳನ್ನು ಗಟ್ಟಿಯಾಗಿ ಹೇಳಬೇಕು, ಬಾಯೇ ತೆರೆಯುತ್ತಿಲ್ಲ. ಚಾವಡಿಯವಳು ಸಂತೆಯ ಮೂಲೆಯಲ್ಲಿ ಕೂರುವ ಹಲ್ಲು ಕೀಳುವವಳ ಹತ್ತಿರ ಹೋದಳು. ಅವಳೊಬ್ಬ ದಪ್ಪ ತೋಳಿನ, ಬಾಯಿಬಡುಕಿ ಹೆಂಗಸು.

"ಅಯ್ಯೋ, ಇಷ್ಟು ದಿನ ಇದನ್ನ ಮೊಮ್ಮಗು ಥರ ಸಾಕ್ಕೊಂಡು ಕೂತಿದ್ಯಲ್ಲೇ!" ಎಂದು ಅವಳು ಇಕ್ಕಳ ಎತ್ತಿಕೊಂಡಳು. "ಬಾಯಿ ತೆಗಿ. ನಿಂಗೆ ತುಂಬ ಬೇಕಾದವರು ಯಾರನ್ನಾದ್ರೂ ನೆನೆಸ್ಕೋ. ನೋವು ಗೊತ್ತಾಗಲ್ಲ."

ಚಾವಡಿಯವಳು ಕಣ್ಣು ಮುಚ್ಚಿದಳು. ಯಾರೂ ಬರಲಿಲ್ಲ. ಕಣ್ಣು ಬಿಟ್ಟು ತಲೆಯಲ್ಲಾಡಿಸಿದಳು.

"ಯಾರೂ ಇಲ್ವಾ? ಹಾಗಿದ್ರೆ ನೋವು ಪೂರ್ತಿ ನಿಂದೇ ತಾಯಿ" ಎಂದು ಹೇಳಿ ಆಕೆ ಎಳೆದೇಬಿಟ್ಟಳು.

ಬೆಳಗ್ಗೆ ಎದ್ದಾಗ ಕೆನ್ನೆಯೊಳಗೆ ಮೌನ. ಚಾವಡಿಯವಳು ಜಗಲಿಗೆ ಬಂದು ಕೂತಳು. ಕುಡಿಕೆ ಎತ್ತಿದಳು, ಎಲೆ ಸರಿಸಿದಳು, ಕಿವಿಗಿಟ್ಟಳು. ಹೂವಿನವಳದು. ದಿನಾ ರೇಗುತ್ತಿದ್ದ ಹೂವಿನವಳು ಇಂದು ಮೆತ್ತಗೆ ಕೇಳುತ್ತಿದ್ದಾಳೆ. ಇನ್ನೊಂದು ಎತ್ತಿದಳು. ಮಗ್ಗದವನು ತಮಾಷೆ ಮಾಡುತ್ತಿದ್ದಾನೆ. ಮತ್ತೊಂದು, ಮಗದೊಂದು. ಯಾರೂ ಸಿಡುಕುತ್ತಿಲ್ಲ, ಯಾರೂ ಹಲ್ಲು ಕಡಿಯುತ್ತಿಲ್ಲ. ಒಂದು ರಾತ್ರಿ ಕಳೆಯುವುದರೊಳಗೆ ಊರಿಗೆ ಊರೇ ಸುಧಾರಿಸಿಬಿಟ್ಟಿದೆ! ತನ್ನ ಕೊಡತಿಗೆ ಹೆದರಿಯೇ ಇರಬೇಕು ಎಂದು ಅವಳಿಗೆ ಬಹಳ ಸಂತೋಷವಾಯಿತು.

ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಮೂಲೆಯಲ್ಲಿ ಒಂದು ಕುಡಿಕೆ ಇತ್ತು. ಗದ್ದೆಗೆ ನೀರು ಬಿಡುವ ನೀರಗಂಟಿಯದು. ಕೆರೆಯ ತೂಬಿನ ಬಗ್ಗೆ ಏನೋ ಹೇಳಿದ್ದ. ಉರಿದುಬಿದ್ದಂತೆ ಕೇಳಿಸಿ, ನಾಳೆ ಒಡೆದರಾಯಿತೆಂದು ನಿನ್ನೆಯೇ ಬದಿಗಿಟ್ಟಿದ್ದಳು. ಅದನ್ನು ಎತ್ತಿ ಮತ್ತೆ ಕೇಳಿದಳು. ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಆದರೆ ಉರಿಯಿರಲಿಲ್ಲ. ದಣಿದ ಮನುಷ್ಯನೊಬ್ಬ ತೂಬು ಸೋರುತ್ತಿದೆ, ಯಾರಾದರೂ ಬನ್ನಿ ಎಂದು ಕರೆಯುತ್ತಿದ್ದ.

ಸುಧಾರಿಸಿದ್ದು ಮನುಷ್ಯರಾದರೆ ಸರಿ, ನಿನ್ನೆ ಬಿಗಿದಿಟ್ಟ ಕುಡಿಕೆ ಹೇಗೆ ಸುಧಾರಿಸಿತು?

ಅವಳು ಕುಡಿಕೆಯನ್ನು ಕಿವಿಯಲ್ಲೇ ಇಟ್ಟುಕೊಂಡು, ಹಲ್ಲು ಹೋದ ಜಾಗಕ್ಕೆ ನಾಲಿಗೆ ಒತ್ತಿದಳು. ಹಸಿಗಾಯ ಚುಳ್ಳೆಂದಿತು. ನೀರಗಂಟಿ ಉರಿದುಬಿದ್ದ. ನಾಲಿಗೆ ತೆಗೆದಳು. ನೀರಗಂಟಿ ದಣಿದು ಕರೆದ. ಒತ್ತಿದಳು: ಬೈಗುಳ. ಬಿಟ್ಟಳು: ಅಹವಾಲು. ಒತ್ತಿದಳು, ಬಿಟ್ಟಳು. ದೂರದಿಂದ ನೋಡಿದವರಿಗೆ ಚಾವಡಿಯವಳು ಕುಡಿಕೆಯನ್ನು ಅಣಕಿಸುತ್ತಿರುವಂತೆ ಕಂಡಿರಬೇಕು.

ಆಮೇಲೆ ಅವಳು ಕುಡಿಕೆಯನ್ನು ಮೆಲ್ಲಗೆ ಕೆಳಗಿಟ್ಟಳು. ಕುಡಿಕೆಯಲ್ಲಿ ಮಾತು ಮಾತ್ರ ಉಳಿಯುತ್ತದೆ. ಸ್ವರ ಎಲೆ ಮುಚ್ಚುವ ಮೊದಲೇ ಆರಿಹೋಗಿರುತ್ತದೆ. ಕೇಳುವವರು ತಮ್ಮ ಸ್ವರ ತಾವೇ ತಂದುಕೊಳ್ಳುತ್ತಾರೆ. ಇಷ್ಟು ಕಾಲ ಅವಳು ನ್ಯಾಯ ಕೇಳಿದ್ದು ತನ್ನ ಹಲ್ಲಿನ ಸ್ವರದಲ್ಲಿ. ಹಿಂದೆ ಕಿಟಕಿಯ ಮಟ್ಟಕ್ಕೆ ಬೆಳೆದ ಗುಡ್ಡೆಯನ್ನು ತಿರುಗಿ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

ಆಪಾದಿತನನ್ನು ಚಾವಡಿಯವಳು ಹೋಗಿ ಕಾಣುವ ಪದ್ಧತಿ ಇಲ್ಲ. ಅವಳು ಹೋದಳು. ಸೇತುವೆಯ ಪಕ್ಕ ಕೊಡೆ ರಿಪೇರಿಯವನು ಕಡ್ಡಿಗಳನ್ನು ಜೋಡಿಸಿ ಕಟ್ಟುತ್ತಿದ್ದ. ದಾರ ಕಡಿಯುವ ಮೊದಲೇ ಗಂಟು ಸಿದ್ಧವಾಗಿತ್ತು. ನಗು ಇನ್ನೂ ಇತ್ತು, ಆದರೆ ಎಲ್ಲಿಡಬೇಕೆಂದು ಗೊತ್ತಾಗದೆ ಮುಖದ ಒಂದು ಬದಿಗೆ ಸರಿದಿತ್ತು.

"ಸೇತುವೆ ಕಟ್ಟಿದವರು ಯಾರು ಅಂತ ಯಾಕೆ ಕೇಳ್ದೆ?"

"ಚೆನ್ನಾಗಿತ್ತಲ್ಲ, ಅದಕ್ಕೆ" ಎಂದ ಅವನು. "ನಮ್ಮ ಕಡೆ ಚೆನ್ನಾಗಿದೆ ಅಂತ ಯಾರು ಹೇಳ್ತಾರೆ? ಯಾರು ಮಾಡಿದ್ದು ಅಂತ ಕೇಳ್ತಾರೆ. ಚೆನ್ನಾಗಿಲ್ಲದಿದ್ರೆ ಯಾರಿಗೆ ಬೇಕು ಮಾಡಿದವರ ಹೆಸರು?"

"ಸಾರು?"

"ಮೂರು ಸಲ ಹಾಕಿಸ್ಕೊಂಡೆ. ನೋಡಲಿಲ್ವಾ?"

ಅವಳು ಮೂರನೆಯದನ್ನು ಕೇಳಲು ಹಿಂಜರಿದಳು. ಕೇಳಿದಾಗ ದನಿ ಕೆಳಗಿಳಿದಿತ್ತು. "ಬಿಟ್ಟು ಹೋಗು ಅಂದ್ಯಲ್ಲ ನಂಗೆ."

ಕೊಡೆ ರಿಪೇರಿಯವನು ತನ್ನ ಬಲಗೆನ್ನೆ ಮುಟ್ಟಿ ತೋರಿಸಿದ. "ಇಲ್ಲಿ ಊದಿತ್ತು ನಿಮಗೆ. ದಿನಾ ನೋಡ್ತಿದ್ದೆ. ಒಂದು ದಿನ ಬಿಟ್ಟು ಹೋಗಿ ಕಿತ್ತಿಸ್ಕೊಂಡು ಬರಬಾರದಾ ಅಂತ ಕೇಳಿದ್ದು."

ಊರಿನಲ್ಲಿ ಅಷ್ಟು ಜನರಿದ್ದರು. ಅವಳ ಕೆನ್ನೆ ಊದಿದ್ದನ್ನು ನೋಡಿ ವಿಚಾರಿಸಿದವನು ಇವನೊಬ್ಬ, ಅವನ ಕುಡಿಕೆಯನ್ನು ಅವಳು ಒಡೆದಿದ್ದಳು. ಚಾವಡಿಯವಳಿಗೆ ಅಳು ಬಂತು. ಅಳುವುದು ಅಭ್ಯಾಸವಿಲ್ಲದ್ದರಿಂದ ಅದು ಕೆಮ್ಮಾಗಿ ಹೊರಬಿತ್ತು.

ವಾಪಸು ಬರುವ ದಾರಿಯಲ್ಲಿ ಅವಳೊಳಗೆ ಎರಡು ದನಿಗಳು ಕಿತ್ತಾಡಿದವು. ಸುಮ್ಮನಿದ್ದರೆ ಇವನೊಬ್ಬನ ದಾರ ಹೋಗುತ್ತದೆ, ಬಾಯಿಬಿಟ್ಟರೆ ತನ್ನದೇ ಹೋಗುತ್ತದೆ. ಒಡೆದದ್ದಕ್ಕೆ ಸಾಕ್ಷಿಯಿಲ್ಲ, ಯಾರಿಗೂ ತಿಳಿಯುವುದಿಲ್ಲ. ಅವಳಿಗೆ ಈ ಜಗಲಿ ಬಿಟ್ಟರೆ ಇನ್ನೇನಿತ್ತು? ನಾಯಿ ಕೂಡ ಇರಲಿಲ್ಲ.

ನಡುಹಗಲಿಗೆ ಊರು ಸೇರಿತು. ದಾರ ಕಡಿಯುವ ದಿನ ಮಾತ್ರ ಚಾವಡಿಯವಳು ಬಾಯಿಂದ ಮಾತಾಡಬಹುದು, ಅವಳೆದುರು ಎದ್ದು ನಿಂತವರೂ ಮಾತಾಡಬಹುದು. ಕೊಡೆ ರಿಪೇರಿಯವನು ಕಂಬದ ಪಕ್ಕ ನಿಂತಿದ್ದ. ಕುಡುಗೋಲು ತಟ್ಟೆಯಲ್ಲಿತ್ತು.

"ಮೊದಲನೇ ಅಪರಾಧ" ಎಂದಳು ಚಾವಡಿಯವಳು. "ಬಡಗಿ, ಮುಂದೆ ಬಾ. ಕುಡಿಕೆಯಲ್ಲಿದ್ದ ಮಾತು ನೀನೇ ಹೇಳು."

ಬಡಗಿ ಮುಂದೆ ಬಂದು ಕಣ್ಣು ಕೆಂಪಗೆ ಮಾಡಿ ಗುಡುಗಿದ: "ಈ ಸೇತುವೆ ಕಟ್ಟಿದವರು ಯಾರು!" ಮಕ್ಕಳು ಬೆಚ್ಚಿದವು.

"ಸರಿ. ನಿನಗೆ ತುಂಬ ಬೇಕಾದವರು ಯಾರು?"

ಬಡಗಿ ತಬ್ಬಿಬ್ಬಾದ. ದಾರ ಕಡಿಯುವ ದಿನ ಇಂಥ ಪ್ರಶ್ನೆ ಕೇಳಿದ ನೆನಪು ಯಾರಿಗೂ ಇರಲಿಲ್ಲ. "ನನ್ನ ತಂಗಿ" ಎಂದ. "ದೂರ ಕೊಟ್ಟಿದೀವಿ. ಬಂದು ವರ್ಷಗಳಾಯ್ತು."

"ಅವಳು ಇವತ್ತು ಊರಿಗೆ ಬಂದಳು ಅಂದ್ಕೋ. ಕೈಯಲ್ಲಿ ಗಂಟು ಹಿಡ್ಕೊಂಡು ಕಾಲುವೆ ಹತ್ರ ನಿಂತಳು. ಸೇತುವೆ ನೋಡಿದಳು. ಈಗ ಅದೇ ಮಾತು ಅವಳ ಬಾಯಲ್ಲಿ ಹೇಳು."

ಬಡಗಿ ಕಾಲುವೆಯ ಕಡೆ ತಿರುಗಿ ನಿಂತ. ಮೆಲ್ಲಗೆ, ತುಸು ಹಾಡಿನಂತೆ, ಆ ದೊಡ್ಡ ಮೈಯೊಳಗಿಂದ ಬಂತು: "ಈ ಸೇತುವೆ... ಕಟ್ಟಿದವರು ಯಾರು?" ಹೇಳಿದವನೇ ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಟವೆಲ್ಲಿನೊಳಗಿಂದಲೇ, "ನಾನು ಕಣಮ್ಮಾ, ನಾನೇ ಕಟ್ಟಿದ್ದು" ಎಂದ.

ಅಡುಗೆಯವಳನ್ನು ಕರೆಯುವ ಮೊದಲೇ ಅವಳು ಎದ್ದು ಬಂದಿದ್ದಳು. "ನಂಗೆ ಬೇಕಾದವರು ಅಂದ್ರೆ ನಮ್ಮ ಯಜಮಾನ್ರು" ಎಂದಳು, ಯಜಮಾನರ ಕಡೆ ಒಮ್ಮೆ ನೋಡಿದಳು, "ಬೇಡ ಬಿಡಿ, ನಮ್ಮಜ್ಜಿ" ಎಂದು ತಿದ್ದಿಕೊಂಡಳು. ಅಜ್ಜಿಯ ಬಾಯಲ್ಲಿ ಮೆಣಸಿನ ಮಾತು ಹೇಳಿ ಮುಗಿಸುವ ಮೊದಲೇ ಅವಳಿಗೆ ನಗು ತಡೆಯಲಾಗಲಿಲ್ಲ. ಊರೂ ನಕ್ಕಿತು. ಕಂಬದ ಪಕ್ಕದ ಮುಖದಲ್ಲಿ ಒಂದು ಬದಿಗೆ ಸರಿದಿದ್ದ ನಗು ನಡುವಿಗೆ ಬಂತು.

ಆಗ ತುಪ್ಪದವನು ಕೈಮುಗಿದು ನಿಂತ. "ದಯವಿಟ್ಟು ತಪ್ಪು ತಿಳಿಯಬೇಡಿ. ಹೀಗೆ ಎಲ್ಲರ ಮಾತನ್ನೂ ತಂಗಿ ಬಾಯಲ್ಲಿ, ಅಜ್ಜಿ ಬಾಯಲ್ಲಿ ಕೇಳಿದ್ರೆ ಬೈದವನೂ ಸಾಧುವೇ ಆಗ್ತಾನಲ್ವಾ? ಆಮೇಲೆ ಕೊಡತಿ ಯಾಕೆ, ಚಾವಡಿ ಯಾಕೆ?"

ಕೇಳಬೇಕಾದ ಪ್ರಶ್ನೆಯೇ. ಯಾರು ಕೇಳಿದರೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವ ಮನಸ್ಸು ಚಾವಡಿಯವಳಿಗೆ ಆಗಲಿಲ್ಲ. ಅವಳು ಜಗಲಿಯ ಮುಂದಿನ ಸಾಲಿಗೆ ಕೈಹಾಕಿ, ಬಡಗಿಯ ನಡುಗುವ ಕೈಯ ಬಗ್ಗೆ ಹೇಳಿದ್ದ ಆ ವಿನಯದ ಕುಡಿಕೆ ಎತ್ತಿ ಬಡಗಿಗೆ ಕೊಟ್ಟಳು. "ಇದನ್ನೂ ತಂಗಿ ಬಾಯಲ್ಲೇ ಕೇಳು. ಅವಸರ ಬೇಡ."

ಬಡಗಿ ಎಲೆ ಸರಿಸಿದ, ಕಿವಿಗಿಟ್ಟ. ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದ. ಕಣ್ಣು ಮುಚ್ಚಿ ಮತ್ತೆ ಕೇಳಿದ.

"ಆಗ್ತಿಲ್ಲ" ಎಂದ ಕೊನೆಗೆ. "ಎಷ್ಟು ಸಲ ಕೂರಿಸಿದ್ರೂ ಈ ಮಾತು ಅವಳ ಬಾಯಲ್ಲಿ ಕೂರಲ್ಲ. ನನ್ನ ತಂಗಿ ಹೀಗೆ ಆಡೋಳಲ್ಲ. ಕೈ ನಡುಗಿದ್ರೆ ಬಂದು ಕೈ ಹಿಡ್ಕೋತಾಳೆ, ಊರಿಗೆ ಹೇಳ್ಕೊಂಡು ಬರಲ್ಲ."

ಚಾವಡಿಯವಳು ಕುಡಿಕೆ ಜಗಲಿಯ ಮೇಲಿಟ್ಟು ಒಂದೇ ಏಟು ಹಾಕಿದಳು. ತುಪ್ಪದವನ ಹಳದಿ ದಾರ ಚೂರುಗಳ ನಡುವೆ ಬಿತ್ತು. "ಕೊಡತಿ ಇದಕ್ಕೆ" ಎಂದಳು. "ನಿನ್ನದು ಒಂದಾಯ್ತು. ಒಂದೇ. ಹೆಚ್ಚು ಬರೆದುಕೊಳ್ಳಲ್ಲ, ಹೆದರಬೇಡ." ತುಪ್ಪದವನು ಮುಗಿದ ಕೈ ಇಳಿಸಿ ಕೂತ.

ಜನ ಏಳತೊಡಗಿದರು. ಎಲ್ಲ ಮುಗಿಯಿತೆಂದು ತಿಳಿದರು. ಚಾವಡಿಯವಳು ಕೈಯೆತ್ತಿ ತಡೆದಳು.

"ಮೂರನೆಯದು ಯಾರೂ ಹೇಳಬೇಕಾಗಿಲ್ಲ. ಅದು ನನಗೆ ಹೇಳಿದ್ದು. ಅದರಲ್ಲಿ ತಪ್ಪಿರಲಿಲ್ಲ. ಮೂರರಲ್ಲೂ ಇರಲಿಲ್ಲ. ನನಗೆ ಹಲ್ಲು ನೋಯ್ತಿತ್ತು, ಒಡೆದೆ. ಇವನದಷ್ಟೇ ಅಲ್ಲ, ಇನ್ನೂ ಎಷ್ಟು ಜನರದೋ ಗೊತ್ತಿಲ್ಲ." ಅವಳು ಹಿಂದಿನ ಚೂರಿನ ಗುಡ್ಡೆಯತ್ತ ಕೈ ತೋರಿಸಿದಳು. "ನನಗೆ ಬೇಕಾದವರು ಯಾರೂ ಇಲ್ಲ ಅಂತ ಮೆರೀತಿದ್ದೆ. ಅದನ್ನೇ ನ್ಯಾಯ ಅಂದ್ಕೊಂಡಿದ್ದೆ."

ಕಟ್ಟಳೆ ಎಲ್ಲರಿಗೂ ಗೊತ್ತಿತ್ತು. ಅವಳೇ ಕಂಬದ ಹತ್ತಿರ ಹೋಗಿ ತನ್ನ ಬಿಳಿ ದಾರದ ಧೂಳು ಒರೆಸಿದಳು. ಕುಡುಗೋಲನ್ನು ಕೊಡೆ ರಿಪೇರಿಯವನ ಕೈಗಿತ್ತಳು. ನೊಂದವನೇ ಕಡಿಯಬೇಕು.

ಅವನು ಕುಡುಗೋಲು ನೋಡಿದ, ದಾರ ನೋಡಿದ, ಅವಳ ಊತ ಇಳಿದ ಕೆನ್ನೆ ನೋಡಿದ. ಆಮೇಲೆ ದಾರ ಕಡಿದ. ಯಾರೋ ಹೆಂಗಸು ಅಯ್ಯೋ ಎಂದಳು. ಕಡಿದವನು ಕುಡುಗೋಲು ತಟ್ಟೆಯಲ್ಲಿಟ್ಟು, ಎರಡು ತುದಿಗಳನ್ನೂ ಬೆರಳಲ್ಲಿ ಹೊಸೆದು, ಕೊಡೆಯ ಬಟ್ಟೆಯನ್ನು ಕಡ್ಡಿಗೆ ಕಟ್ಟುವ ಗಂಟನ್ನು ಹಾಕಿದ. ಎಳೆದು ನೋಡಿದ. ಬಿಗಿಯಾಗಿತ್ತು.

"ಕಡೀಬೇಕು ಅಂತ ಕಟ್ಟಳೆ ಇದೆ. ಕಡಿದೆ" ಎಂದ. "ಕಟ್ಟಬಾರದು ಅಂತ ಎಲ್ಲಾದ್ರೂ ಇದೆಯಾ?"

ಹಿರಿಯರು ತಲೆ ಕೆರೆದುಕೊಂಡರು. ಎಲ್ಲೂ ಇರಲಿಲ್ಲ. ಇಷ್ಟು ಕಾಲ ಯಾರೂ ಕೇಳಿರಲಿಲ್ಲ, ಅಷ್ಟೇ. ಪ್ರಶ್ನೆ ಕೇಳುವವನೊಬ್ಬ ಊರಿಗೆ ಬರಬೇಕಾಯಿತು.

ಗಂಟು ಬಿದ್ದ ದಾರದವಳನ್ನೇ ಜಗಲಿಯಲ್ಲಿ ಕೂರಿಸಬೇಕೆಂದು ಊರು ಕುಡಿಕೆಗಳಲ್ಲಿ ಹೇಳಿತು. ಬೇಡವೆಂದವರೂ ಇದ್ದರು, ಅವರ ಕುಡಿಕೆಗಳನ್ನು ಅವಳು ಒಡೆಯದೆ ಮುಂದಿನ ಸಾಲಿನಲ್ಲಿಟ್ಟಳು. ದಾರ ಕಡಿಸಿಕೊಂಡು ಗುಡ್ಡದಾಚೆ ಹೋದವರಿಗೆ ಸುದ್ದಿ ಕಳಿಸಿದರು. ಕೆಲವರು ಬಂದರು. ಕೆಲವರು ಬರಲಿಲ್ಲ, ಅದಕ್ಕೆ ಏನೂ ಮಾಡುವಂತಿರಲಿಲ್ಲ. ಅಂದಿನಿಂದ ಕೊಡತಿ ಎತ್ತುವ ಮೊದಲು ಕುಡಿಕೆಯನ್ನು ಬೇಕಾದವರ ಬಾಯಲ್ಲಿ ಒಮ್ಮೆ ಕೇಳಬೇಕೆಂಬ ಪದ್ಧತಿ ಬಂತು. ಆಗಲೂ ಒಡೆಯಬೇಕಾದವು ಸಿಗುತ್ತಿದ್ದವು. 'ದಯವಿಟ್ಟು' ಎಂದು ಶುರುವಾಗುವವು ಅವುಗಳಲ್ಲಿ ಕಡಿಮೆಯಿರಲಿಲ್ಲ. ಚಾವಡಿಯವಳಿಗೆ ಮಾತ್ರ ಕಷ್ಟವಾಗುತ್ತಿತ್ತು. ಅವಳು ಒಂದು ದಿನ ಅಡುಗೆಯವಳ ಸ್ವರ ಸಾಲ ತರುತ್ತಿದ್ದಳು, ಒಂದು ದಿನ ಹಲ್ಲು ಕೀಳುವವಳದು. ಸಾಲದ ಸ್ವರದಲ್ಲೇ ಕೆಲಸ ನಡೆಯುತ್ತಿತ್ತು.

ಒಂದು ಬೆಳಗ್ಗೆ ಬಿಸಿಲು ಇನ್ನೂ ಎಳೆಯದಾಗಿದ್ದಾಗ ಜಗಲಿಯ ತುದಿಯಲ್ಲಿ ಹಸಿರು ದಾರದ ಕುಡಿಕೆ ಕಂಡಿತು. ಕೇಳುವ ಮೊದಲು ಬಣ್ಣ ನೋಡಬಾರದು. ಅವಳು ನೋಡಿದಳು. ಕುಡಿಕೆ ಎತ್ತಿದಳು, ಎಲೆ ಸರಿಸಿದಳು, ಕಿವಿಗಿಟ್ಟಳು.

"ದಿನಾ ಇಷ್ಟೆಲ್ಲ ಕೇಳಿ ಕೇಳಿ ನಿಮಗೆ ಬೇಜಾರಾಗುವುದಿಲ್ಲವೇ? ಒಂದು ದಿನ ಬಿಟ್ಟು ಹೋಗಬಾರದೇ?"

ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಯಾರ ಬಾಯಲ್ಲಿ ಕೇಳಲಿ ಎಂದು ಅವಳು ಈ ಸಲ ಹುಡುಕಬೇಕಾಗಲಿಲ್ಲ. ಸ್ವರ ಅದಾಗಿಯೇ ಬಂದಿತ್ತು, ಕೊಡೆ ರಿಪೇರಿಯವನದೇ, ನಗುವಿನ ಸಮೇತ. ತನಗೂ ಬೇಕಾದವರು ಒಬ್ಬರಿದ್ದಾರೆಂದು ಚಾವಡಿಯವಳಿಗೆ ತಿಳಿದದ್ದು ಹಾಗೆ.

ಅವಳು ಕೊಡತಿಯನ್ನು ಜಗಲಿಯ ಮೇಲಿಟ್ಟಳು, ಸೆರಗು ಕೊಡವಿದಳು, ಸೇತುವೆಯ ಕಡೆ ನಡೆದಳು. ಅಂದು ಚಾವಡಿಯ ಕುಡಿಕೆಗಳನ್ನು ಯಾರೂ ಕೇಳಲಿಲ್ಲ. ಊರಿಗೆ ಏನೂ ಆಗಲಿಲ್ಲ.